ಚೆಂಡು, ದಾಂಡು ಮತ್ತು ವ್ಯಾಂಡರ್‌ಬಿಲ್ಟ್ ಹುಡುಗರು

ಬೇಸ್‌ಬಾಲ್ ಬಗ್ಗೆ ಬರೀತೀನಿ ಅಂದ ಕೂಡಲೇ ಅರ್ಧ ಜನ ಪುಟ ಮುಚ್ಚಿ ಎದ್ದು ಹೋಗ್ತೀರ ಅಂತ ಗೊತ್ತು. ಐದು ನಿಮಿಷ ಕೂತ್ಕೊಳ್ಳಿ. ನಾನೂ ನಿಮ್ಮ ಹಾಗೇ ಇದ್ದವನು. ಕ್ರಿಕೆಟ್ ನೋಡಿ ಬೆಳೆದವನಿಗೆ ಬೇಸ್‌ಬಾಲ್ ಅಂದ್ರೆ ಚಿನ್ನಿದಾಂಡಿಗೆ ಪ್ಯಾಂಟು ಹಾಕಿದ ಹಾಗೆ ಕಾಣ್ತಿತ್ತು. ಫುಲ್‌ಟಾಸ್ ಹೊಡೆಯೋಕೆ ಬರದೆ ಮೂರು ಸಲ ಗಾಳಿಗೆ ಬೀಸಿ ವಾಪಸ್ ಹೋಗೋದಕ್ಕೆ ಇವರಿಗೆ ಕೋಟಿಗಟ್ಟಲೆ ಡಾಲರ್ ಯಾಕೆ ಕೊಡ್ತಾರೆ ಅಂತ ನಗ್ತಿದ್ದೆ.

ಆ ನಗು ನಿಂತಿದ್ದು 2019ರ ಜೂನ್ ತಿಂಗಳಲ್ಲಿ. ಸುದ್ದಿ ಓದುತ್ತಾ ಕೂತಿದ್ದಾಗ ಒಂದು ಹೆಸರು ಕಣ್ಣಿಗೆ ಬಿತ್ತು: ಕುಮಾರ್ ರಾಕರ್. ಅಮೆರಿಕದ ದಕ್ಷಿಣದ ಒಂದು ಯೂನಿವರ್ಸಿಟಿಯ ಬೇಸ್‌ಬಾಲ್ ತಂಡದಲ್ಲಿ ಕುಮಾರ್? ನಮ್ಮ ಬೀದಿಯಲ್ಲಿ ಕೂಗಿದ್ರೆ ನಾಲ್ಕು ಮನೆ ಬಾಗಿಲು ತೆಗೆಯುವಂಥ ಹೆಸರು! ಹುಡುಕಿ ನೋಡಿದೆ. ಅಪ್ಪ ಟ್ರೇಸಿ ರಾಕರ್, ಆಬರ್ನ್ ಯೂನಿವರ್ಸಿಟಿಯ ಹಳೆಯ ಫುಟ್‌ಬಾಲ್ ಹುಲಿ, ಅಮೆರಿಕದ ಫುಟ್‌ಬಾಲ್, ಅಂದ್ರೆ ಆ ಗುದ್ದಾಡೋ ಆಟ. ಅಮ್ಮ ಭಾರತೀಯ ಮೂಲದವರು, ಅಮ್ಮನ ಅಪ್ಪ ಅಮ್ಮ ಭಾರತದಿಂದ ಹೋಗಿ ಅಲ್ಲಿ ನೆಲೆಸಿದವರು. ಹುಡುಗ ಅಪ್ಪನ ಗಾತ್ರ, ಅಮ್ಮನ ಕಡೆಯ ಹೆಸರು ಎರಡನ್ನೂ ಹೊತ್ತು ಜಾರ್ಜಿಯಾದಲ್ಲಿ ಬೆಳೆದು ಟೆನ್ನೆಸಿ ರಾಜ್ಯದ ನ್ಯಾಶ್‌ವಿಲ್ ಊರಿನ ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿ ಸೇರಿದ್ದ. ಆಗ ಅವನಿಗೆ ಹತ್ತೊಂಬತ್ತು ವರ್ಷ, ಕಾಲೇಜಿನಲ್ಲಿ ಮೊದಲನೇ ವರ್ಷ.

ಹೆಸರು ನೋಡಿ ಶುರುವಾದ ಹುಚ್ಚು ಅದು, ಒಪ್ಪಿಕೊಳ್ತೀನಿ. ಆಮೇಲೆ ಹಿಂದಿನದ್ದು, ಮುಂದಿನದ್ದು ಎಲ್ಲ ಕೆದಕಿ ಕೆದಕಿ ನೋಡಿ ಈ ತಂಡದ ಕತೆ ನನ್ನ ತಲೆಯೊಳಗೆ ಮನೆ ಮಾಡಿಬಿಟ್ಟಿದೆ. ಅದನ್ನ ಇವತ್ತು ಇಲ್ಲಿ ಇಳಿಸ್ತಿದೀನಿ.

ಮೊದಲು ಸ್ವಲ್ಪ ಆಟದ ವ್ಯಾಕರಣ. ಒಂಬತ್ತು ಇನ್ನಿಂಗ್ಸು. ಪ್ರತಿ ಇನ್ನಿಂಗ್ಸಲ್ಲೂ ಎರಡೂ ತಂಡ ಬ್ಯಾಟ್ ಮಾಡುತ್ತವೆ, ಮೂರು ಔಟ್ ಆದ್ರೆ ಸರದಿ ಮುಗೀತು. ಅಂದ್ರೆ ಒಂದು ತಂಡವನ್ನ ಪೂರ್ತಿ ಮುಗಿಸೋಕೆ 27 ಔಟ್ ಬೇಕು. ಎಸೆಯುವವನು ಪಿಚರ್. ಮೂರು ಸ್ಟ್ರೈಕ್ ಆದ್ರೆ ಬ್ಯಾಟ್ಸ್‌ಮನ್ ಔಟ್, ಪಿಚರ್ ನಾಲ್ಕು ಸಲ ಗುರಿ ತಪ್ಪಿಸಿದ್ರೆ ಬ್ಯಾಟ್ಸ್‌ಮನ್ ಪುಕ್ಕಟೆ ಮೊದಲ ಬೇಸಿಗೆ ನಡೆದು ಹೋಗ್ತಾನೆ. ಇಷ್ಟು ಸಾಕು. ಇನ್ನೊಂದು ವಿಷಯ, ಕಾಲೇಜು ಹುಡುಗರು ಆಡೋದು ಮರದ ಬ್ಯಾಟಲ್ಲಿ ಅಲ್ಲ, ಲೋಹದ್ದು. ಚೆಂಡು ತಗುಲಿದ್ರೆ ದೇವಸ್ಥಾನದ ಗಂಟೆ ಹೊಡೆದ ಹಾಗೆ 'ಟಿಂಗ್' ಅನ್ನುತ್ತೆ. ನನಗಂತೂ ಆ ಸದ್ದು ಇವತ್ತಿಗೂ ಒಗ್ಗಿಲ್ಲ :)

ಟೂರ್ನಿ ಹೀಗೆ. 64 ತಂಡ. ನಾಲ್ಕು ನಾಲ್ಕು ತಂಡದ ಹದಿನಾರು ಗುಂಪು, ಅದಕ್ಕೆ ರೀಜನಲ್ ಅಂತಾರೆ. ಗೆದ್ದ ಹದಿನಾರು ತಂಡ ಇಬ್ಬಿಬ್ಬರಾಗಿ ಮೂರು ಪಂದ್ಯದ ಸೂಪರ್ ರೀಜನಲ್ ಆಡಬೇಕು. ಉಳಿದ ಎಂಟು ತಂಡ ನೆಬ್ರಾಸ್ಕಾದ ಒಮಾಹಾ ಊರಿಗೆ. 1950ರಿಂದ ಕಾಲೇಜ್ ವರ್ಲ್ಡ್ ಸೀರೀಸ್ ನಡೆಯೋದು ಅಲ್ಲೇ. ಅಮೆರಿಕದ ಕಾಲೇಜು ಹುಡುಗನಿಗೆ 'ಒಮಾಹಾ' ಅಂದ್ರೆ ನಮ್ಮ ಹಳೇ ರಣಜಿ ಆಟಗಾರನಿಗೆ 'ಫೈನಲ್' ಅಂದ ಹಾಗೆ. ಅಲ್ಲಿ ಒಂದು ಸೋಲಿಗೆ ಕ್ಷಮೆ ಉಂಟು, ಎರಡನೇ ಸೋಲಿಗೆ ಮನೆ. ಕೊನೆಗೆ ಉಳಿದ ಎರಡು ತಂಡಕ್ಕೆ ಮೂರು ಪಂದ್ಯದ ಫೈನಲ್.

ವ್ಯಾಂಡರ್‌ಬಿಲ್ಟ್ ಓದಿನಲ್ಲಿ ದೊಡ್ಡ ಹೆಸರು, 1873ರಲ್ಲಿ ಶುರುವಾದ ಖಾಸಗಿ ಯೂನಿವರ್ಸಿಟಿ. ಅದು ಆಡುವ ಲೀಗಿನಲ್ಲಿ ಮಿಕ್ಕವೆಲ್ಲ ದೈತ್ಯ ಸರ್ಕಾರಿ ಯೂನಿವರ್ಸಿಟಿಗಳು. ಬೇಸ್‌ಬಾಲಿನಲ್ಲಿ 1980ರ ನಂತರ 2004ರವರೆಗೆ ಈ ತಂಡ ರಾಷ್ಟ್ರೀಯ ಟೂರ್ನಿಯ ಮುಖವನ್ನೇ ನೋಡಿರಲಿಲ್ಲ. ಅದನ್ನ ಬದಲಾಯಿಸಿದವನು ಟಿಮ್ ಕಾರ್ಬಿನ್ ಅನ್ನೋ ಕೋಚ್. 2003 ಅವನ ಮೊದಲ ಸೀಸನ್. ಎರಡನೇ ವರ್ಷಕ್ಕೇ ಟೂರ್ನಿಗೆ ಕರೆದುಕೊಂಡು ಹೋದ.

2007ರಲ್ಲಿ ತಂಡಕ್ಕೆ ಇಡೀ ದೇಶದಲ್ಲೇ ನಂಬರ್ ಒನ್ ಶ್ರೇಯಾಂಕ. ಡೇವಿಡ್ ಪ್ರೈಸ್ ಅನ್ನೋ ಎಡಗೈ ಪಿಚರ್ ಇದ್ದ, ಆ ವರ್ಷ ವೃತ್ತಿಪರ ತಂಡಗಳ ಆಯ್ಕೆಯಲ್ಲಿ ಎಲ್ಲರಿಗಿಂತ ಮೊದಲು ಆರಿಸಲ್ಪಟ್ಟವನು. ತಮ್ಮದೇ ಊರಿನಲ್ಲಿ ರೀಜನಲ್. ಎದುರಿಗೆ ಮಿಶಿಗನ್. ಕೊನೆಯ ಪಂದ್ಯ ಹತ್ತನೇ ಇನ್ನಿಂಗ್ಸಿಗೆ ಹೋಯಿತು. ಬದಲಿಯಾಗಿ ಬಂದ ಆಲನ್ ಓಕ್ಸ್ ಅನ್ನೋ ಮೊದಲ ವರ್ಷದ ಹುಡುಗ ಅದೇ ಪ್ರೈಸ್ ಎಸೆದ ಚೆಂಡನ್ನ ಬೇಲಿಯಾಚೆ ಕಳಿಸಿದ. 4-3. ಮುಗೀತು. ಮಿಶಿಗನ್ ಅನ್ನೋ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಮೊದಲ ಸಲ ಒಮಾಹಾ ತಲುಪಿದ್ದು 2011ರಲ್ಲಿ. ಗೆದ್ದಿದ್ದು 2014ರಲ್ಲಿ. ಆ ಫೈನಲ್ ವರ್ಜೀನಿಯಾ ಯೂನಿವರ್ಸಿಟಿ ವಿರುದ್ಧ. ಮೊದಲ ಪಂದ್ಯದಲ್ಲಿ ಒಂದೇ ಇನ್ನಿಂಗ್ಸಿನಲ್ಲಿ ಒಂಬತ್ತು ರನ್ ಹೊಡೆದು 9-8ರಲ್ಲಿ ಹೇಗೋ ಬಚಾವಾದರು, ಎರಡನೆಯದರಲ್ಲಿ 7-2 ಸೋಲು. ಮೂರನೆಯದು ಎಂಟನೇ ಇನ್ನಿಂಗ್ಸಿನವರೆಗೂ 2-2. ವರ್ಜೀನಿಯಾದ ನಿಕ್ ಹೋವರ್ಡ್ ಗಂಟೆಗೆ 150 ಕಿಲೋಮೀಟರಿಗೂ ಮೀರಿ ಎಸೀತಿದ್ದ. ಎದುರಿಗೆ ಜಾನ್ ನಾರ್ವುಡ್, ಹೋಮ್ ರನ್ ಹೊಡೆಯುವವನು ಅಂತ ಯಾರೂ ಲೆಕ್ಕಕ್ಕಿಡದ ಹುಡುಗ. ಆ ವರ್ಷಗಳಲ್ಲಿ ಕಾಲೇಜಿನ ಬ್ಯಾಟುಗಳ ಜೋರು ಕಡಿಮೆ ಮಾಡಿದ್ದರು, ಒಮಾಹಾದ ಹೊಸ ಮೈದಾನವೋ ಬಹಳ ದೊಡ್ಡದು. ಇಡೀ ಟೂರ್ನಿಗೆ ಬೆರಳೆಣಿಕೆಯಷ್ಟು ಹೋಮ್ ರನ್ ಬರ್ತಿದ್ದ ಕಾಲ ಅದು. ನಾರ್ವುಡ್ ಹೊಡೆದ ಚೆಂಡು ಎಡಗಡೆಯ ಬೇಲಿ ದಾಟಿತು. 3-2. ಅದಾದ ಮೇಲೆ ವರ್ಜೀನಿಯಾದವರು ಮೂರೂ ಬೇಸ್ ತುಂಬಿಸಿ ನಿಂತರೂ ರೇವನೆಲ್ ಅನ್ನೋ ಪಿಚರ್ ಅದನ್ನ ಹೇಗೋ ದಾಟಿಸಿದ. ವ್ಯಾಂಡರ್‌ಬಿಲ್ಟಿನ ಗಂಡುಮಕ್ಕಳ ತಂಡ ಯಾವುದೇ ಆಟದಲ್ಲಿ ಗೆದ್ದ ಮೊದಲ ರಾಷ್ಟ್ರೀಯ ಪ್ರಶಸ್ತಿ ಅದು. (ಹೆಣ್ಣುಮಕ್ಕಳು 2007ರಲ್ಲೇ ಬೌಲಿಂಗಿನಲ್ಲಿ ಗೆದ್ದು ತೋರಿಸಿದ್ದರು. ಅದೇ, ಉರುಳೆ ಬೀಳಿಸೋ ಬೌಲಿಂಗ್!)

ಮರುವರ್ಷವೂ ಫೈನಲ್, ಮತ್ತೆ ವರ್ಜೀನಿಯಾನೇ ಎದುರಾಳಿ. ಈ ಸಲ ಮೊದಲ ಪಂದ್ಯ ಗೆದ್ದು ಉಳಿದೆರಡನ್ನೂ ಸೋತರು. ಲೆಕ್ಕ ಚುಕ್ತಾ.

2016ರದ್ದು ಆಟದ ಕತೆ ಅಲ್ಲ. ಬರೆಯೋದೋ ಬೇಡವೋ ಅಂತ ಯೋಚಿಸಿದೆ. ಆದರೆ ಇದನ್ನ ಬಿಟ್ಟರೆ 2019 ಅರ್ಥ ಆಗಲ್ಲ. ಡಾನಿ ಎವರೆಟ್ ಅಂತ ಮೊದಲ ವರ್ಷದ ಪಿಚರ್, ಹತ್ತೊಂಬತ್ತು ವರ್ಷ, ಅಂಗಿ ನಂಬರ್ 41. ಶಾಲೆಯಲ್ಲಿದ್ದಾಗಲೇ ವೃತ್ತಿಪರ ತಂಡಗಳ ಕಣ್ಣು ಅವನ ಮೇಲಿತ್ತು, ಹುಡುಗ ಮೊದಲು ಓದ್ತೀನಿ ಅಂತ ವ್ಯಾಂಡರ್‌ಬಿಲ್ಟಿಗೆ ಬಂದಿದ್ದ. ಜೂನ್ 2ನೇ ತಾರೀಕು, ರೀಜನಲ್ ಶುರುವಾಗೋದಕ್ಕೆ ಹಿಂದಿನ ದಿನ, ಸ್ನೇಹಿತರ ಜೊತೆ ನಾರ್ಮಂಡಿ ಅನ್ನೋ ಕೆರೆಯ ಕಡೆ ಹೋದವನು ನೀರಿನಲ್ಲಿ ಮುಳುಗಿಹೋದ. ನಮ್ಮಲ್ಲಿ ಪ್ರತಿ ಬೇಸಿಗೆಯಲ್ಲೂ ಪೇಪರಿನ ಮೂಲೆಯಲ್ಲಿ ಓದ್ತೀವಲ್ಲ, ಕೆರೆಗೆ, ಹೊಳೆಗೆ ಈಜೋಕೆ ಹೋದ ಕಾಲೇಜು ಹುಡುಗರು ಅಂತ, ಥೇಟ್ ಅದೇ. ತಂಡ ಆಡಿತು. ತಮ್ಮದೇ ಮೈದಾನದಲ್ಲಿ ಎರಡು ಪಂದ್ಯ ಆಡಿ ಎರಡೂ ಸೋತು ಹೊರಬಿತ್ತು. ಆ ಎರಡು ಪಂದ್ಯದಲ್ಲಿ ಯಾರು ಎಷ್ಟು ರನ್ ಹೊಡೆದರು ಅಂತ ನಾನು ಹುಡುಕೋಕೆ ಹೋಗಲಿಲ್ಲ.

ಎವರೆಟ್ ಜೊತೆ ಕಾಲೇಜು ಸೇರಿದ ಹುಡುಗರು, ಈಥನ್ ಪಾಲ್, ಸ್ಟೀಫನ್ ಸ್ಕಾಟ್, ಜೂಲಿಯನ್ ಇನ್ಫಾಂಟೆ, ಪ್ಯಾಟ್ರಿಕ್ ರೇಬಿ, ಇವರೆಲ್ಲ 2019ಕ್ಕೆ ನಾಲ್ಕನೇ ವರ್ಷದವರು. ತಂಡದ ಅಣ್ಣಂದಿರು. ಹತ್ತೊಂಬತ್ತರ ಒಬ್ಬ ಪಿಚರ್ ಹುಡುಗನನ್ನ ಕಳೆದುಕೊಂಡವರ ಮುಂದೆ ಹತ್ತೊಂಬತ್ತರ ಇನ್ನೊಬ್ಬ ಪಿಚರ್ ಹುಡುಗ ಬಂದು ನಿಂತ. ಅವನೇ ನಮ್ಮ ಕುಮಾರ.

2019ರ ಸೂಪರ್ ರೀಜನಲ್, ನ್ಯಾಶ್‌ವಿಲ್‌ನಲ್ಲೇ, ಹಾಕಿನ್ಸ್ ಫೀಲ್ಡ್ ಅಂತ ಅವರ ಸ್ವಂತ ಮೈದಾನ. ಎದುರಾಳಿ ಡ್ಯೂಕ್. ಮೊದಲ ಪಂದ್ಯದಲ್ಲಿ ಡ್ಯೂಕಿನವರು ಇವರನ್ನ ಅಕ್ಷರಶಃ ರುಬ್ಬಿದರು, 18-5. ಬೇಸ್‌ಬಾಲಿನಲ್ಲಿ ಹದಿನೆಂಟು ಅಂದ್ರೆ ಟೆಸ್ಟ್ ಮ್ಯಾಚಿನಲ್ಲಿ ಎಂಟುನೂರು ಹೊಡೆಸಿಕೊಂಡ ಹಾಗೆ. ಇನ್ನೊಂದು ಸೋತರೆ ಇಡೀ ವರ್ಷ ಮಣ್ಣುಪಾಲು. ಮರುದಿನ, ಜೂನ್ 8, ಶನಿವಾರ. ಎಸೆಯೋಕೆ ಬಂದವನು ಕುಮಾರ್ ರಾಕರ್.

ನಾನು ಅದನ್ನ ನೋಡಿದ್ದು ಆಮೇಲೆ, ರೆಕಾರ್ಡಿಂಗಿನಲ್ಲಿ. ಫಲಿತಾಂಶ ಗೊತ್ತಿದ್ದೂ ನೋಡಿದೆ, ಎರಡು ಸಲ. ಹುಡುಗನ ಹತ್ತಿರ ಒಂದು ವೇಗದ ಚೆಂಡು, ಒಂದು ಸ್ಲೈಡರ್. ಸ್ಲೈಡರ್ ಅಂದ್ರೆ ಮೊದಲು ನೇರ ಬರೋ ಹಾಗೆ ಕಂಡು, ಬ್ಯಾಟ್ಸ್‌ಮನ್ ದಾಂಡು ಬೀಸೋಕೆ ತೀರ್ಮಾನ ಮಾಡಿದ ಮೇಲೆ ಪಕ್ಕಕ್ಕೆ ಕೆಳಕ್ಕೆ ಜಾರೋ ಚೆಂಡು. ಡ್ಯೂಕಿನ ಹುಡುಗರು ಬೀಸ್ತಾರೆ, ಚೆಂಡು ಅಲ್ಲಿಲ್ಲ. ಮತ್ತೆ ಬೀಸ್ತಾರೆ, ಮತ್ತೆ ಇಲ್ಲ. ಐದನೇ, ಆರನೇ ಇನ್ನಿಂಗ್ಸ್ ಹೊತ್ತಿಗೆ ಜನಕ್ಕೆ ಏನು ನಡೀತಿದೆ ಅಂತ ಗೊತ್ತಾಗೋಕೆ ಶುರುವಾಗುತ್ತೆ. ಇಂಥ ಹೊತ್ತಲ್ಲಿ ಒಂದು ಮೂಢನಂಬಿಕೆ ಇದೆ. ತಂಡದವರು ಯಾರೂ ಪಿಚರ್ ಹತ್ತಿರ ಕೂರಲ್ಲ, 'ನೋ-ಹಿಟ್ಟರ್' ಅನ್ನೋ ಪದವನ್ನ ಬಾಯಲ್ಲಿ ಎತ್ತಲ್ಲ. ದೃಷ್ಟಿ ಆಗುತ್ತೆ ಅಂತ! ನಾವು ಮಾತ್ರ ಹೀಗೆ ಅಂದುಕೊಂಡಿದ್ದೆ.

ನೋ-ಹಿಟ್ಟರ್ ಅಂದ್ರೆ ಒಂಬತ್ತು ಇನ್ನಿಂಗ್ಸ್ ಪೂರ್ತಿ ಎದುರಾಳಿಗೆ ಒಂದೇ ಒಂದು ಸರಿಯಾದ ಹೊಡೆತವನ್ನೂ ಬಿಟ್ಟುಕೊಡದೆ ಮುಗಿಸೋದು. ಕುಮಾರ ಮುಗಿಸಿದ. 27 ಔಟುಗಳಲ್ಲಿ 19 ಸ್ಟ್ರೈಕ್ ಔಟ್. ಅಂದ್ರೆ ಫೀಲ್ಡರುಗಳಿಗೆ ಎಂಟೇ ಔಟಿನ ಕೆಲಸ. ಎಸೆದ ಚೆಂಡು 131. ಪಂದ್ಯ 3-0. ಸೂಪರ್ ರೀಜನಲ್ ಶುರುವಾದದ್ದು 1999ರಲ್ಲಿ, ಅಲ್ಲಿಂದ ಆವತ್ತಿನವರೆಗೆ ಯಾರೂ ಅಲ್ಲಿ ನೋ-ಹಿಟ್ಟರ್ ಎಸೆದಿರಲಿಲ್ಲ.

ನನಗೆ ನೆನಪಾದದ್ದು ಅದೇ 1999ರ ಫೆಬ್ರವರಿ, ದೆಹಲಿಯ ಕೋಟ್ಲಾ ಮೈದಾನ, ನಮ್ಮ ಕುಂಬ್ಳೆ. ಪಾಕಿಸ್ತಾನದ ಹತ್ತಕ್ಕೆ ಹತ್ತು ವಿಕೆಟ್, 74 ರನ್ನಿಗೆ. ಒಂದೊಂದೇ ವಿಕೆಟ್ ಬೀಳ್ತಾ ಬೀಳ್ತಾ ಮನೆಯಲ್ಲಿ ಯಾರೂ ಜಾಗ ಬಿಟ್ಟು ಏಳದೆ ಕೂತಿದ್ದೆವು, ಎದ್ದರೆ ಏನಾಗಿಬಿಡುತ್ತೋ ಅಂತ. ನಮ್ಮ ಅಜ್ಜಿಗೆ ಕ್ರಿಕೆಟ್ ಗೊತ್ತಿರಲಿಲ್ಲ, ಆದರೂ ನೀರು ಬೇಕು ಅಂದವರಿಗೆ 'ಕೂತ್ಕೋ, ಆಮೇಲೆ ಕೊಡ್ತೀನಿ' ಅಂದಿದ್ದರು.

ಮೂರನೇ ಪಂದ್ಯ 13-2, ಡ್ಯೂಕ್ ಮನೆಗೆ. ಒಮಾಹಾದಲ್ಲಿ ಲೂಯಿವಿಲ್, ಮಿಸಿಸಿಪ್ಪಿ ಸ್ಟೇಟ್, ಮತ್ತೆ ಲೂಯಿವಿಲ್. ಕೊನೆಯದರಲ್ಲಿ ಒಂಬತ್ತನೇ ಇನ್ನಿಂಗ್ಸಿಗೆ ಬಂದಾಗ ಇವರು ಹಿಂದಿದ್ದರು, ಎರಡು ರನ್ ತೆಗೆದು 3-2ರಲ್ಲಿ ಗೆದ್ದರು. ಫೈನಲ್ ಎದುರಾಳಿ ಯಾರು ಹೇಳಿ? ಮಿಶಿಗನ್! ಹನ್ನೆರಡು ವರ್ಷದ ಹಿಂದಿನ ಅದೇ ಮಿಶಿಗನ್. ಮೊದಲ ಪಂದ್ಯ ಸೋತರು, 7-4. ಎರಡನೆಯದಕ್ಕೆ ಮತ್ತೆ ಕುಮಾರ, ಹನ್ನೊಂದು ಸ್ಟ್ರೈಕ್ ಔಟ್, 4-1. ಮೂರನೆಯದು 8-2. ಟೂರ್ನಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ಕುಮಾರ್ ರಾಕರ್‌ಗೆ. ತಂಡಕ್ಕೆ ಆ ವರ್ಷ 59 ಗೆಲುವು, ಅವರ ಲೀಗಿನಲ್ಲಿ ಅಲ್ಲಿವರೆಗೆ ಯಾರೂ ಒಂದು ಸೀಸನ್ನಿನಲ್ಲಿ ಅಷ್ಟು ಗೆದ್ದಿರಲಿಲ್ಲ. ಎವರೆಟ್‌ನ ಸಹಪಾಠಿಗಳು ಗೆದ್ದು ಕಾಲೇಜು ಬಿಟ್ಟರು.

2020 ಬಿಡಿ, ಮಾರ್ಚಿನಲ್ಲೇ ಕೊರೋನಾ ಬಂದು ಎಲ್ಲ ಬಂದ್.

2021ರಲ್ಲಿ ಕುಮಾರನ ಜೊತೆಗೆ ಜ್ಯಾಕ್ ಲೈಟರ್ ಅನ್ನೋ ಇನ್ನೊಬ್ಬ. ಇವನ ಅಪ್ಪ ಆಲ್ ಲೈಟರ್ ದೊಡ್ಡ ಲೀಗಿನ ಪಿಚರ್, 1996ರಲ್ಲಿ ಅಲ್ಲಿ ನೋ-ಹಿಟ್ಟರ್ ಎಸೆದವನು. ಮಗ ಮಾರ್ಚ್ 20ಕ್ಕೆ ಸೌತ್ ಕರೊಲಿನಾ ವಿರುದ್ಧ ಮೊದಲ ಬ್ಯಾಟ್ಸ್‌ಮನ್‌ಗೆ ಪುಕ್ಕಟೆ ಬೇಸ್ ಕೊಟ್ಟ, ಆಮೇಲಿನ 27 ಜನರನ್ನ ಸಾಲಾಗಿ ಔಟ್ ಮಾಡಿದ. ಅಪ್ಪನ ಮನೆಯಲ್ಲಿ ಆ ರಾತ್ರಿ ಏನು ಸಂಭ್ರಮವೋ! ಸೀಸನ್ ಮುಗಿದಾಗ ಇಬ್ಬರದ್ದೂ ಸರಿಯಾಗಿ 179 ಸ್ಟ್ರೈಕ್ ಔಟ್. ಅಣ್ಣತಮ್ಮಂದಿರು ಮಾವಿನಹಣ್ಣು ಹಂಚಿಕೊಂಡ ಹಾಗೆ.

ಈಗ ಬರೋದು ನನ್ನನ್ನ ಇವತ್ತಿಗೂ ಕಾಡೋ ಪಂದ್ಯ. ಒಮಾಹಾದಲ್ಲಿ ಅರಿಜೋನಾ ವಿರುದ್ಧ ಹನ್ನೆರಡು ಇನ್ನಿಂಗ್ಸ್ ಎಳೆದು 7-6 ಗೆದ್ದರು. ಮುಂದಿನದು ನಾರ್ತ್ ಕರೊಲಿನಾ ಸ್ಟೇಟ್ ವಿರುದ್ಧ. ಲೈಟರ್ 15 ಜನರನ್ನ ಸ್ಟ್ರೈಕ್ ಔಟ್ ಮಾಡಿದ, ಒಂದೇ ಒಂದು ಹೋಮ್ ರನ್ ಬಿಟ್ಟುಕೊಟ್ಟ, 1-0 ಸೋಲು. ಇವರನ್ನ ಅವತ್ತು ಕಟ್ಟಿಹಾಕಿದ ಎದುರಾಳಿ ಪಿಚರ್ ಸ್ಯಾಮ್ ಹೈಫಿಲ್. ಆಮೇಲೆ ಸ್ಟ್ಯಾನ್‌ಫರ್ಡ್ ವಿರುದ್ಧ ಒಂಬತ್ತನೇ ಇನ್ನಿಂಗ್ಸ್, ಎರಡು ಔಟ್ ಆಗಿದೆ, ಒಂದು ರನ್ ಹಿಂದಿದ್ದಾರೆ. ಅಲ್ಲಿಂದ ಸಮ ಮಾಡಿ, ಎದುರಾಳಿ ಪಿಚರ್ ಕೈತಪ್ಪಿ ಎಸೆದ ಒಂದು ಚೆಂಡಿನಲ್ಲಿ ಗೆದ್ದುಬಿಟ್ಟರು. 6-5. ಸೋಲೊಪ್ಪದ ಹುಡುಗರು ಅಂತ ಕುಣಿದಿದ್ದೆ.

ಜೂನ್ 25, ಶುಕ್ರವಾರ. ಮತ್ತೆ ನಾರ್ತ್ ಕರೊಲಿನಾ ಸ್ಟೇಟ್. ಆಟ ಶುರುವಾಗೋದು ತಡವಾಯಿತು. ಆಮೇಲೆ ಗೊತ್ತಾಯಿತು, ಅವರ ತಂಡದಲ್ಲಿ ಕೊರೋನಾ. ಮೈದಾನಕ್ಕೆ ಇಳಿಯೋಕೆ ಅವರಿಗೆ ಉಳಿದದ್ದು ಹದಿಮೂರೇ ಜನ, ಒಂಬತ್ತು ಮಂದಿ ಆಡೋಕೆ, ನಾಲ್ಕು ಮಂದಿ ಎಸೆಯೋಕೆ. ಸೋಮವಾರ ನಮ್ಮನ್ನ ಕಟ್ಟಿಹಾಕಿದ ಹೈಫಿಲ್ ಅವತ್ತು ಮೊದಲ ಬೇಸಿನಲ್ಲಿ ಫೀಲ್ಡಿಂಗಿಗೆ ನಿಂತಿದ್ದ. ಪಿಚರ್ ಹುಡುಗ! ಇಂಥ ಹದಿಮೂರು ಜನ ಕುಮಾರನ ಎದುರು ಆಡಿದರು. ಕುಮಾರ ಆರು ಇನ್ನಿಂಗ್ಸಿನಲ್ಲಿ 11 ಜನರನ್ನ ಸ್ಟ್ರೈಕ್ ಔಟ್ ಮಾಡಿದ. ಆದರೂ ಅವರು ಸೋತದ್ದು ಬರೀ 3-1ಕ್ಕೆ. ಎರಡೂ ತಂಡಕ್ಕೂ ತಲಾ ಒಂದು ಸೋಲು. ಶನಿವಾರ ಗೆದ್ದವರು ಫೈನಲಿಗೆ.

ಆ ಶನಿವಾರದ ಪಂದ್ಯ ನಡೆಯಲೇ ಇಲ್ಲ. ಮಧ್ಯರಾತ್ರಿ ದಾಟಿದ ಮೇಲೆ ಪ್ರಕಟಣೆ ಬಂತು, ಆರೋಗ್ಯ ನಿಯಮದ ಪ್ರಕಾರ ಪಂದ್ಯ ರದ್ದು, ವ್ಯಾಂಡರ್‌ಬಿಲ್ಟ್ ಫೈನಲಿಗೆ.

ಸುದ್ದಿ ಓದಿದಾಗ ನನಗೆ ಮೊದಲು ಬಂದದ್ದು ಸಂತೋಷ. ಸುಳ್ಳು ಯಾಕೆ ಹೇಳಲಿ, ಸಂತೋಷವೇ. ಒಂದು ನಿಮಿಷ ಆದ ಮೇಲೆ ನಾಚಿಕೆ ಆಯಿತು. ಇವರ ತಪ್ಪು ಏನೂ ಇಲ್ಲ, ನಿಯಮ ಮಾಡಿದವರು ಇವರಲ್ಲ. ಆ ಹುಡುಗರದ್ದೂ ತಪ್ಪಿಲ್ಲ ಅಂತ ನನ್ನ ಲೆಕ್ಕ. ಹದಿಮೂರು ಜನ ಇಳಿದು ಆಡಿದ್ದಾರೆ, ಶನಿವಾರ ಸೋತಿದ್ದರೆ ಅದು ಬೇರೆ ಮಾತು. ನಮ್ಮ ಕರ್ನಾಟಕ 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಮುಂಬಯಿ ಎದುರು ರಣಜಿ ಫೈನಲನ್ನ ಆರೇ ಆರು ರನ್ನಿನಿಂದ ಸೋತಾಗ ಎರಡು ದಿನ ಸರಿಯಾಗಿ ಊಟ ಸೇರಿರಲಿಲ್ಲ ನನಗೆ. ಆದರೆ ಅದು ಆಡಿ ಸೋತದ್ದು. ಮಲಗಿದ್ದವನನ್ನ ಎಬ್ಬಿಸಿ 'ನಿನ್ನ ಆಟ ಮುಗೀತು, ಗಂಟುಮೂಟೆ ಕಟ್ಟು' ಅಂದ್ರೆ? ಆ ತಂಡ ಅದಕ್ಕೂ ಮೊದಲು ದೇಶದ ನಂಬರ್ ಒನ್ ಅರ್ಕನ್ಸಾವನ್ನ ಸೋಲಿಸಿ ಬಂದಿತ್ತು. ಗೆಳೆಯರೊಬ್ಬರ ಹತ್ತಿರ ಇದನ್ನ ಹೇಳಿಕೊಂಡೆ. 'ನಿಮ್ಮ ತಂಡ ಗೆದ್ದಿದೆಯಲ್ಲ ಸಾರ್, ಯಾಕೆ ಮುಖ ಹಿಂಗೆ' ಅಂತ ಕೇಳಿದರು. ಏನು ಹೇಳೋದು ಗೊತ್ತಾಗಲಿಲ್ಲ.

ಮಿಸಿಸಿಪ್ಪಿ ಸ್ಟೇಟ್ ಜೊತೆ ಫೈನಲ್. ಮೊದಲ ಪಂದ್ಯದಲ್ಲಿ ಶುರುವಿನಲ್ಲೇ ಏಳು ರನ್ ಹೊಡೆದು 8-2 ಗೆದ್ದರು. ಎರಡನೆಯದು 13-2 ಸೋಲು. ಮೂರನೆಯದಕ್ಕೆ ಕುಮಾರ. ಹುಡುಗ ಐದನೇ ಇನ್ನಿಂಗ್ಸ್ ಮುಗಿಸಲಿಲ್ಲ, ತೆಗೆದುಬಿಟ್ಟರು. ಆ ಕಡೆ ವಿಲ್ ಬೆಡ್ನಾರ್ ಆರು ಇನ್ನಿಂಗ್ಸ್ ಒಂದೂ ಹಿಟ್ ಕೊಡದೆ ಎಸೆದ. ಇಡೀ ಪಂದ್ಯದಲ್ಲಿ ವ್ಯಾಂಡರ್‌ಬಿಲ್ಟಿಗೆ ಸಿಕ್ಕಿದ್ದು ಒಂದೇ ಒಂದು ಹಿಟ್. 9-0. ಮಿಸಿಸಿಪ್ಪಿ ಸ್ಟೇಟ್‌ಗೆ ಯಾವುದೇ ಆಟದಲ್ಲಿ ಮೊದಲ ರಾಷ್ಟ್ರೀಯ ಪ್ರಶಸ್ತಿ. 2014ರಲ್ಲಿ ಇವರು ಕುಣಿದ ಹಾಗೆ ಅವರ ಊರಿನವರೂ ಕುಣಿದಿರಬೇಕು. ನನಗೆ ಆ ಸೋಲು ಅಷ್ಟೇನೂ ನೋಯಲಿಲ್ಲ. ಯಾಕೆ ಅಂತ ಹಿಂದಿನ ಪ್ಯಾರಾದಲ್ಲೇ ಇದೆ.

ಕುಮಾರನ ಕತೆ ಮುಗಿಸಿಬಿಡ್ತೀನಿ. ಆ ವರ್ಷ ನ್ಯೂಯಾರ್ಕ್ ಮೆಟ್ಸ್ ತಂಡ ಹತ್ತನೆಯವನಾಗಿ ಆರಿಸಿತು. ವೈದ್ಯಕೀಯ ಪರೀಕ್ಷೆ ನೋಡಿ ಕೈ ಬಗ್ಗೆ ಅನುಮಾನ ಬಂದು ಒಪ್ಪಂದವನ್ನೇ ಮಾಡಲಿಲ್ಲ. ಸೆಪ್ಟೆಂಬರಿನಲ್ಲಿ ಭುಜಕ್ಕೆ ಶಸ್ತ್ರಚಿಕಿತ್ಸೆ. 2022ರಲ್ಲಿ ಟೆಕ್ಸಸ್ ರೇಂಜರ್ಸ್ ಮೂರನೆಯವನಾಗಿ ಆರಿಸಿ ಕರೆದುಕೊಂಡಿತು. 2023ರಲ್ಲಿ ಮೊಣಕೈಗೆ ದೊಡ್ಡ ಶಸ್ತ್ರಚಿಕಿತ್ಸೆ, ಮತ್ತೆ ಒಂದು ವರ್ಷ ಹೋಯಿತು. ಹತ್ತೊಂಬತ್ತರ ಹುಡುಗನ ಕೈಯಲ್ಲಿ ಒಂದೇ ಪಂದ್ಯಕ್ಕೆ 131 ಚೆಂಡು ಎಸೆಸಬೇಕಿತ್ತಾ ಅಂತ ಆಗಾಗ ಅನ್ನಿಸುತ್ತೆ. ಆ ಒಂದು ದಿನದಿಂದಲೇ ಹೀಗಾಯಿತು ಅಂತ ಹೇಳೋಕೆ ನಾನು ಡಾಕ್ಟರಲ್ಲ. ಒಂಬತ್ತನೇ ಇನ್ನಿಂಗ್ಸಿಗೆ ಅವನನ್ನ ತೆಗೆದಿದ್ದರೆ ಕೋಚನ್ನ ಬೈಯುವವರಲ್ಲಿ ನಾನೇ ಮೊದಲಿಗನಾಗಿರ್ತಿದ್ದೆ, ಅದೂ ನಿಜ.

2024ರ ಸೆಪ್ಟೆಂಬರ್ 12ರಂದು ಸಿಯಾಟಲ್‌ನಲ್ಲಿ ದೊಡ್ಡ ಲೀಗಿನ ಮೊದಲ ಪಂದ್ಯ. ನಾಲ್ಕು ಇನ್ನಿಂಗ್ಸ್, ಒಂದು ರನ್, ಏಳು ಸ್ಟ್ರೈಕ್ ಔಟ್. ಅದೇ ಜಾರೋ ಸ್ಲೈಡರ್. ಅದೇ ವರ್ಷ ಏಪ್ರಿಲಿನಲ್ಲಿ ಅದೇ ರೇಂಜರ್ಸ್ ತಂಡಕ್ಕೆ ಮೊದಲ ಪಂದ್ಯ ಆಡಿದ್ದ ಇನ್ನೊಬ್ಬ ಯಾರು ಗೊತ್ತಾ? ಜ್ಯಾಕ್ ಲೈಟರ್. ಮಾವಿನಹಣ್ಣು ಹಂಚಿಕೊಂಡವರು ಮತ್ತೆ ಒಂದೇ ಮನೆ ಸೇರಿದರು.

ಇತ್ತ ವ್ಯಾಂಡರ್‌ಬಿಲ್ಟ್ 2021ರ ಆ ರಾತ್ರಿಯಿಂದ 2025ರವರೆಗೆ ಒಂದು ವರ್ಷವೂ ರೀಜನಲ್ ದಾಟಲಿಲ್ಲ. 2025ರಲ್ಲಂತೂ 2007ರ ಹಾಗೇ ದೇಶಕ್ಕೇ ನಂಬರ್ ಒನ್ ಶ್ರೇಯಾಂಕ, ತಮ್ಮದೇ ಊರು, ತಮ್ಮದೇ ಮೈದಾನ. ಮೊದಲು ಲೂಯಿವಿಲ್ ಸೋಲಿಸಿತು, ಆಮೇಲೆ ಒಹಾಯೋದ ರೈಟ್ ಸ್ಟೇಟ್ ಅನ್ನೋ ಯೂನಿವರ್ಸಿಟಿಯ ಹುಡುಗರು ಬಂದು ಮನೆಗೆ ಕಳಿಸಿದರು. ಆ ರೈಟ್ ಸ್ಟೇಟ್ ಎಲ್ಲಿದೆ ಅಂತ ಆವತ್ತು ರಾತ್ರಿಯೇ ಮ್ಯಾಪ್ ತೆಗೆದು ಹುಡುಕಿದೆ, ಡೇಟನ್ ಅನ್ನೋ ಊರಿನ ಪಕ್ಕ.